ಒಂಬತ್ತು ಸೋಲುಗಳ ಲೆಕ್ಕ ಬರೆದ ಅಕ್ಕನಿಗೆ

ಪಾಲಕರೇ, ಹಿತೈಷಿಗಳೇ, ನಮ್ಮ ತಂಡದ ಹಳೆಯ ಆಟಗಾರ್ತಿಯರೇ,

ಕಾರವಾರದ ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಈ ವರ್ಷದ ಪಂದ್ಯಗಳು ಕಳೆದ ವಾರ ಮುಗಿದವು. ಆಡಿದ 11 ಪಂದ್ಯಗಳಲ್ಲಿ 9ನ್ನು ಸೋತೆವು, 2ನ್ನು ಗೆದ್ದೆವು. ಇದು ನಿರಾಸೆಯ ವರ್ಷ, ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ. ಆದರೂ ಈ ವರ್ಷ ತಂಡಕ್ಕೆ ದಕ್ಕಿದ್ದೇನು ಎಂಬುದನ್ನೂ ಅದು ನಮ್ಮ ಕಣ್ಣಿಗೆ ಬೀಳುವಂತೆ ಮಾಡಿದವರು ಯಾರು ಎಂಬುದನ್ನೂ ಬರೆದಿಡದೆ ಮುಂದಿನ ವರ್ಷದ ಅಭ್ಯಾಸಕ್ಕೆ ಇಳಿಯುವುದು ಸರಿಯಲ್ಲವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ವರ್ಷ ಒಟ್ಟಿಗೆ ಆಡಿದ ಐವರು ಹಿರಿಯ ಹುಡುಗಿಯರು ಒಂದೇ ಬೇಸಿಗೆಯಲ್ಲಿ ತಂಡ ಬಿಡಬೇಕಾಯಿತು. ಓದಿಗೆಂದು ಇಬ್ಬರು ಧಾರವಾಡಕ್ಕೆ, ಇಬ್ಬರು ಮಂಗಳೂರಿಗೆ, ಕೆಲಸಕ್ಕೆಂದು ಒಬ್ಬಳು ಗೋವೆಗೆ ಹೋದಳು. ಉಳಿದವರು ಏಳೇ ಮಂದಿ, ಅವರಲ್ಲಿ ಮೂವರು ಎಂಟನೆಯ ತರಗತಿಯವರು. ಐವರು ಅಂಕಣದಲ್ಲಿರಬೇಕಾದ ಆಟದಲ್ಲಿ ನಮ್ಮ ಬೆಂಚಿನ ಮೇಲೆ ಕೂರುವವರು ಇಬ್ಬರು ಮಾತ್ರ. ಅದರ ಮೇಲೆ ನಮ್ಮ ಕರಾವಳಿಯ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟಿನ ಅಂಕಣ ಪಾಚಿಗಟ್ಟಿ ಕಾಲಿಟ್ಟರೆ ಜಾರುತ್ತದೆ, ಕಡಲಿನ ಉಪ್ಪುಗಾಳಿಗೆ ರಿಂಗು ತುಕ್ಕು ಹಿಡಿಯುತ್ತದೆ. ಒಳಾಂಗಣದಲ್ಲಿ ವರ್ಷವಿಡೀ ಆಡುವ ತಂಡಗಳ ಎದುರು ನಾವು ನಿಲ್ಲುವುದು ಆ ನಾಲ್ಕು ತಿಂಗಳ ಅಭ್ಯಾಸವನ್ನು ಕಳೆದುಕೊಂಡೇ.

28 ಮೀಟರ್ ಉದ್ದ, 15 ಮೀಟರ್ ಅಗಲದ ಆ ಅಂಕಣವನ್ನು ಮಳೆ ಬಿಡುವು ಕೊಟ್ಟ ಭಾನುವಾರಗಳಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಕಡ್ಡಿಯ ಪೊರಕೆಯಿಂದ ಉಜ್ಜಿದ ಪಾಲಕರಿಗೆ, ರಿಂಗಿಗೆ ಬಣ್ಣ ಕೊಟ್ಟ ಅಂಗಡಿಯವರಿಗೆ, ಮಳೆ ಬಿಡದ ದಿನಗಳಲ್ಲಿ ಸಭಾಭವನ ತೆರೆದುಕೊಟ್ಟ ಶಾಲೆಯವರಿಗೆ, ಡೀಸೆಲ್ಲಿನ ಹಣವನ್ನಷ್ಟೇ ಪಡೆದು ನಮ್ಮನ್ನು ಹೊನ್ನಾವರ, ಶಿರಸಿ, ಹುಬ್ಬಳ್ಳಿಗೆ ಕರೆದೊಯ್ದ ಟೆಂಪೋ ಚಾಲಕರಿಗೆ, ಊರು ಬಿಟ್ಟರೂ ತಮ್ಮ ಶೂಗಳನ್ನು ತಂಗಿಯರಿಗೆಂದು ಕಳುಹಿಸಿದ ಹಳೆಯ ಆಟಗಾರ್ತಿಯರಿಗೆ ನಾನು ಮನಸಾರೆ ಋಣಿ.

ಇನ್ನು ಅಕ್ಕನ ವಿಷಯ. ಹೆಸರು ಬರೆಯಕೂಡದೆಂದು ಅವರು ಕಟ್ಟುನಿಟ್ಟಾಗಿ ಹೇಳಿರುವುದರಿಂದ ಹುಡುಗಿಯರು ಕರೆಯುವಂತೆ ಅಕ್ಕ ಎಂದೇ ಬರೆಯುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ನನ್ನ ಮೊದಲ ತಂಡದಲ್ಲಿ ಆಡಿದವರು ಅವರು. ಹತ್ತನೆಯ ತರಗತಿಯ ನಂತರ ಮನೆಯ ಪರಿಸ್ಥಿತಿಯಿಂದ ಆಟ ಬಿಟ್ಟು ಹೊಲಿಗೆ ಕಲಿತರು, ಈಗ ಅದರಿಂದಲೇ ಮನೆ ನಡೆಸುತ್ತಾರೆ. ಈ ವರ್ಷ ನಾನು ಕೇಳುವ ಮೊದಲೇ ಬಂದು, ಪ್ರತಿ ಪಂದ್ಯದಲ್ಲಿಯೂ ನಮ್ಮ ಬೆಂಚಿನ ತುದಿಯಲ್ಲಿ ಕುಳಿತು, ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದರು. ಸೋಲಿನ ಮೇಲೆ ಸೋಲು ಬರುತ್ತಿದ್ದ ಆ ದಿನಗಳಲ್ಲಿ ಅದೇನೆಂದು ಕೇಳುವ ವ್ಯವಧಾನವೂ ನನಗಿರಲಿಲ್ಲ.

ಹುಬ್ಬಳ್ಳಿಯ ಏಳನೆಯ ಪಂದ್ಯದಲ್ಲಿ ನಮ್ಮ ನಾಯಕಿಗೆ ಏನಾಯಿತೆಂಬುದು ನಿಮಗೆಲ್ಲ ತಿಳಿದಿದೆ. ಮೊಣಕಾಲಿಗೆ ಬಿದ್ದ ಪೆಟ್ಟಿನ ವಿಷಯವನ್ನು, ವೈದ್ಯರು ಹೇಳಿದ್ದನ್ನು ಮತ್ತೆ ಬರೆಯುವುದಿಲ್ಲ. ಉಳಿದ ಮಕ್ಕಳನ್ನು ಜೊತೆಗೆ ಬಂದಿದ್ದ ಪಾಲಕರೊಬ್ಬರ ಸುಪರ್ದಿಗೆ ಒಪ್ಪಿಸಿ, ಅರಬೈಲ್ ಘಟ್ಟ ಇಳಿದು ಊರು ಸೇರುವಂತೆ ಟೆಂಪೋದಲ್ಲಿ ಕಳುಹಿಸಿದೆವು. ಹುಡುಗಿಯ ತಂದೆ ಬೋಟಿನಲ್ಲಿ ಕಡಲಿಗೆ ಹೋಗಿದ್ದರು, ತಾಯಿ ಬರುವುದು ಬೆಳಗಿನ ಹೊತ್ತಿಗೆ. ಆಸ್ಪತ್ರೆಯ ಮಹಿಳೆಯರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲವೆಂದರು. ಮರುದಿನ ಎರಡು ಮದುವೆ ಮನೆಗಳಿಗೆ ರವಿಕೆಗಳನ್ನು ಹೊಲಿದು ಕೊಡಬೇಕಾಗಿದ್ದ ಅಕ್ಕ ಆ ಎರಡೂ ಮನೆಗಳಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಹುಡುಗಿಯ ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಅವಳ ಜಡೆ ಬಿಚ್ಚಿ ಬಾಚಿ ಮತ್ತೆ ಹೆಣೆದರು. ನೋವಿಗೆ ಅವಳು ಎಚ್ಚರಗೊಂಡಾಗಲೆಲ್ಲ ಕೊಂಕಣಿಯಲ್ಲಿ ಮೆಲ್ಲಗೆ ಮಾತನಾಡಿಸಿದರು.

ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ. ಮೂರನೆಯ ಕ್ವಾರ್ಟರಿನಲ್ಲಿ ಆ ಹುಡುಗಿ ನನ್ನತ್ತ ನೋಡಿ, ತನಗೆ ದಣಿವಾಗಿದೆಯೆಂದು ಕೈ ಸನ್ನೆ ಮಾಡಿದ್ದಳು. ಇನ್ನೆರಡು ನಿಮಿಷ ಎಂದು ನಾನೇ ಬೆರಳು ತೋರಿಸಿದ್ದೆ. ಆ ಎರಡು ನಿಮಿಷ ಮುಗಿಯುವ ಮೊದಲೇ ಅವಳು ಬಿದ್ದಳು. ರಾತ್ರಿ ಮೂರರ ಸುಮಾರಿಗೆ ಅಕ್ಕ ಹೊರಗೆ ಬಂದಾಗ ನಾನು ಅಳುತ್ತಿದ್ದೆ, ತಂಡವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತೇನೆ ಎಂದೆ. ಅವರು ಸಮಾಧಾನದ ಮಾತನ್ನೇನೂ ಆಡಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟು, “ಮಾಸ್ತರೇ, ಅವಳನ್ನ ಆಡಿಸಿದ್ದು ತಪ್ಪು. ಅದನ್ನ ನಾಳೆ ಅವಳ ಅಮ್ಮನ ಹತ್ರ ನೀವೇ ಹೇಳಿ. ತಂಡ ನಿಲ್ಲಿಸೂ ಮೊದ್ಲು ಇದನ್ನ ಒಂದ್ಸಲ ಓದಿ” ಎಂದರು.

ಅಧಿಕೃತ ಸ್ಕೋರ್‌ ಶೀಟಿನಲ್ಲಿ ಯಾರು ಎಷ್ಟು ಅಂಕ ಗಳಿಸಿದರು, ಯಾರ ಮೇಲೆ ಎಷ್ಟು ಫೌಲ್ ಬಿತ್ತು ಎಂಬುದು ಇರುತ್ತದೆ. ಚೆಂಡು ಎಷ್ಟು ಸಲ ಕೈತಪ್ಪಿತು, ಬುಟ್ಟಿಗೆ ಎಸೆಯುವ ಮೊದಲು ಎಷ್ಟು ಜನರ ಕೈ ಬದಲಾಯಿತು ಎಂಬುದು ಅದರಲ್ಲಿ ಕಾಣಿಸುವುದಿಲ್ಲ. ಅಕ್ಕ ಬರೆದಿದ್ದುದು ಅದನ್ನೇ. ಚೆಂಡು ಸಿಕ್ಕ 8 ಸೆಕೆಂಡುಗಳೊಳಗೆ ಅದನ್ನು ನಡುಗೆರೆ ದಾಟಿಸಬೇಕೆಂಬ ನಿಯಮವಿದೆ. ಮೊದಲ ಪಂದ್ಯದಲ್ಲಿ ಎದುರಾಳಿಗಳು ಮುತ್ತಿಕೊಂಡಾಗ ನಮ್ಮ ಹುಡುಗಿಯರು ಆರು ಸಲ ಅದರಲ್ಲಿ ಸೋತಿದ್ದರು. ಐದನೆಯ ಪಂದ್ಯದಲ್ಲಿ ಎರಡು ಸಲ, ಆ ಸಂಜೆಯ ಪಂದ್ಯದಲ್ಲಿ ಒಮ್ಮೆಯೂ ಇಲ್ಲ. ಬುಟ್ಟಿಯ ಹಲಗೆಯಿಂದ 4.6 ಮೀಟರ್ ದೂರದ ಗೆರೆಯ ಮೇಲೆ ನಿಂತು ಎಸೆದ ಪ್ರತಿ ಫ್ರೀ ಥ್ರೋಗೂ, ಅಂದರೆ ಎದುರಾಳಿಯ ಫೌಲ್‌ಗೆ ಬದಲಾಗಿ ಸಿಗುವ ಅಡ್ಡಿಯಿಲ್ಲದ ಎಸೆತಕ್ಕೂ, ಒಂದು ಗುರುತಿತ್ತು, ಪುಟ ತಿರುವಿದಂತೆ ತಪ್ಪು ಗುರುತುಗಳ ನಡುವೆ ಸರಿ ಗುರುತುಗಳು ಹೆಚ್ಚುತ್ತ ಬಂದಿದ್ದವು. ಮೊದಲ ಪಂದ್ಯವನ್ನು 44 ಅಂಕಗಳಿಂದ ಸೋತವರು ಆರನೆಯದನ್ನು 9 ಅಂಕಗಳಿಂದ ಸೋತಿದ್ದರು. ಎಂಟನೆಯ ತರಗತಿಯ ನಮ್ಮ ಅತಿ ಕುಳ್ಳ ಹುಡುಗಿಯ ಹೆಸರಿನ ಮುಂದೆ ಒಂದು ಸಾಲಿತ್ತು: “ಇವತ್ತು ಮೊದಲ ಸಲ ಜೋರಾಗಿ ಕೂಗಿ ಜೊತೆಗಾರ್ತಿಗೆ ಜಾಗ ತೋರಿಸಿದಳು.” ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಅದೇ ಆಟ ನೋಡಿದ ನನಗೆ ಆ ಕೂಗು ಕೇಳಿಸಿರಲಿಲ್ಲ, ಏಕೆಂದರೆ ನಾನು ಸ್ಕೋರ್ ಬೋರ್ಡನ್ನು ನೋಡುತ್ತಿದ್ದೆ.

ಬೆಳಿಗ್ಗೆ ಹುಡುಗಿಯ ತಾಯಿ ಬಂದಾಗ ನನ್ನ ತಪ್ಪನ್ನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮಗಳ ಬಳಿಗೆ ಹೋದರು. ಇಂದಿಗೂ ಅವರು ಮಗಳ ಜೊತೆ ಅಂಕಣಕ್ಕೆ ಬರುತ್ತಾರೆ. ಅದಕ್ಕೆ ತಕ್ಕ ಕೃತಜ್ಞತೆಯ ಮಾತು ನನ್ನಲ್ಲಿಲ್ಲ.

ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ನಾಯಕಿ ನನಗೊಂದು ವಿಷಯ ತೋರಿಸಿದಳು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡವು 2023–24ರಲ್ಲಿ ಸತತವಾಗಿ 28 ಪಂದ್ಯಗಳನ್ನು ಸೋತು, 82ರಲ್ಲಿ 14ನ್ನಷ್ಟೇ ಗೆದ್ದಿತ್ತು. ಮರುವರ್ಷ ಅದೇ ತಂಡ 44 ಪಂದ್ಯಗಳನ್ನು ಗೆದ್ದು, ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಸುತ್ತನ್ನು ತಲುಪಿತು. ಅಲ್ಲಿ ಕೆಳಗಿನ ತಂಡಗಳಿಗೆ ಹೊಸ ಪ್ರತಿಭೆಗಳನ್ನು ಆರಿಸಿಕೊಳ್ಳುವಾಗ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು, ಹಣವೂ ಇದೆ. ನಮಗೆ ಬರುವವರು ಅಕ್ಕಪಕ್ಕದ ಶಾಲೆಗಳ ಹುಡುಗಿಯರೇ. ಹಾಗಾಗಿ ಹೋಲಿಕೆಯನ್ನು ನಾನು ಹೆಚ್ಚು ಎಳೆಯುವುದಿಲ್ಲ. ಆದರೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಹದಿನಾರರ ಹುಡುಗಿಯೊಬ್ಬಳು ಅದನ್ನು ಹುಡುಕಿ ಓದಿದ್ದಳೆಂಬುದೇ ನನಗೆ ದೊಡ್ಡದಾಗಿ ಕಂಡಿತು.

ಉಳಿದ ನಾಲ್ಕು ಪಂದ್ಯಗಳನ್ನು ಆರೇ ಜನರು ಆಡಿದರು. ದಣಿವೆಂದು ಕೈಯೆತ್ತಿದವಳನ್ನು ಆ ಕ್ಷಣವೇ ಹೊರಗೆ ಕರೆಸಿದೆ, ಅದರಿಂದ ಒಂದು ಪಂದ್ಯ ಕೈತಪ್ಪಿರಲೂಬಹುದು, ಆ ಬಗ್ಗೆ ನನಗೆ ವಿಷಾದವಿಲ್ಲ. ನಾವು ಗೆದ್ದ ಎರಡೂ ಪಂದ್ಯಗಳು ಆ ನಾಲ್ಕರಲ್ಲಿಯೇ ಇವೆ. ಕೊನೆಯ ಪಂದ್ಯದ ದಿನ ನಾಯಕಿ ಊರುಗೋಲು ಹಿಡಿದು ಬಂದು ಅಕ್ಕನ ಪಕ್ಕದಲ್ಲಿ ಕುಳಿತಳು. ಎರಡನೆಯ ಕ್ವಾರ್ಟರಿನಿಂದ ನೋಟ್‌ಬುಕ್ಕಿನಲ್ಲಿರುವುದು ಅವಳ ಕೈಬರಹ.

ಅಕ್ಕನಿಗೆ ಒಂದು ಮಾತು. ಆ ರಾತ್ರಿ ನೀವು ಕಳೆದುಕೊಂಡ ಸಂಪಾದನೆಯನ್ನು ಕೊಡಲು ಬಂದಾಗ ನೀವು ತೆಗೆದುಕೊಳ್ಳಲಿಲ್ಲ. ಹತ್ತನೆಯ ತರಗತಿಯಲ್ಲಿ ನೀವು ಆಟ ಬಿಟ್ಟಾಗ ನಿಮ್ಮ ಮನೆಗೆ ಬಂದು ಒಂದು ಮಾತು ಕೇಳುವ ಕೆಲಸವನ್ನು ನಾನು ಮಾಡಲಿಲ್ಲ. ಇಪ್ಪತ್ತು ವರ್ಷ ಕಳೆದು ನೀವು ನನ್ನ ಬಳಿ ಬಂದು ಕುಳಿತಿರಿ. ನಿಮಗೆ ನನ್ನ ನಮಸ್ಕಾರ.

ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಮಳೆಗೆ ಮುಂಚೆ, ಕಂಬಗಳಿಗೆ ಬಣ್ಣ ಬಳಿಯುವ ಕೆಲಸವಿದೆ. ಬಣ್ಣ ಬಂದಿದೆ. ಬರುವವರು ಬ್ರಷ್ ಮತ್ತು ಹಳೆಯ ಬಟ್ಟೆ ತರಬೇಕೆಂದು ವಿನಂತಿ. ಎಂಟನೆಯ ತರಗತಿಗೆ ಬರುವ ಹೆಣ್ಣುಮಕ್ಕಳಿದ್ದರೆ ಅಂದೇ ಕರೆತನ್ನಿ.

ನಿಮ್ಮ ಮಾಸ್ತರ