ಗಾಲ್ವೆಸ್ಟನ್ನಿನ ಮರ ನೋಡಿದ ಮೇಲೆ, ಕಾರವಾರದಿಂದ

ಪ್ರೀತಿಯ ಗೆಳೆಯಾ,

ಅಮೆರಿಕದ ಟೆಕ್ಸಾಸ್ ಕರಾವಳಿಯ ದ್ವೀಪದೂರು ಗಾಲ್ವೆಸ್ಟನ್ನಿನಿಂದ ನೀನು ಕಳಿಸಿದ ಫೋಟೋ ಅಮ್ಮನಿಗೂ ತೋರಿಸಿದೆ. ಸತ್ತ ಓಕ್ ಮರದ ಬೊಡ್ಡೆಯಲ್ಲಿ ಕೆತ್ತಿದ ಹಕ್ಕಿ. ‘ಮರ ಎಂತಕ್ಕೆ ಸತ್ತಿತು?’ ಅಂದಳು. ಬೇರಿಗೆ ಉಪ್ಪುನೀರು ನಿಂತು ಅಂದೆ. ಮತ್ತೇನೂ ಕೇಳಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದ ಮೇಲೆ ನಮ್ಮ ಬಾವಿಯ ನೀರು ಬಾಯಿಗಿಡಲಾಗದೆ, ಮಳೆ ಹಿಡಿಯುವವರೆಗೆ ಆಚೆ ಕೇರಿಯಿಂದ ಕೊಡ ಹೊತ್ತವಳು ಅವಳೇ.

ಫೋಟೋ ಬಂದ ದಿನದಿಂದ ಆ ಊರಿನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. 1900ರ ಸೆಪ್ಟೆಂಬರ್ 8ರ ಚಂಡಮಾರುತಕ್ಕೆ ಆರು ಸಾವಿರಕ್ಕೂ ಹೆಚ್ಚು ಜನ ಹೋದರಂತೆ. ಉಳಿದವರು ಸಮುದ್ರಕ್ಕೆ ಅಡ್ಡಲಾಗಿ 17 ಅಡಿ ಎತ್ತರದ ಗೋಡೆ ಕಟ್ಟಿದರು. ಅಷ್ಟಕ್ಕೇ ನಿಲ್ಲದೆ ಊರಿನ ನೆಲವನ್ನೇ ಎತ್ತಿದರು ಮಾರಾಯಾ! ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕ್ ಕೊಟ್ಟು ಮೇಲೆತ್ತಿ, ನೀರಿನೊಂದಿಗೆ ಕಲಸಿದ ಮರಳನ್ನು ಕೊಳವೆಯಲ್ಲಿ ತಂದು ಅಡಿಗೆ ತುಂಬಿದರು. 1911ರವರೆಗೆ ನಡೆದ ಕೆಲಸ. ಅಷ್ಟು ವರ್ಷ ಜನ ಹಲಗೆಯ ಅಟ್ಟದ ಮೇಲೆಯೇ ಓಡಾಡಿದರು. ಓದುವಾಗ ಮೈ ಜುಮ್ಮೆಂದಿತು. ಆದರೆ ಮನೆ ಎತ್ತಿಸುವ ಖರ್ಚು ಆಯಾ ಮನೆಯವರದ್ದೇ ಆಗಿತ್ತು ಅನ್ನುವ ಸಾಲಿಗೆ ಬಂದು ನಿಂತುಬಿಟ್ಟೆ. ಕೈಯಲ್ಲಿ ದುಡ್ಡಿಲ್ಲದವರು ಎಂತ ಮಾಡಿರಬೇಕು?

ನೀನು ನೋಡಿದ ಮರಗಳು 2008ರ ಐಕ್ ಚಂಡಮಾರುತಕ್ಕೆ ಸತ್ತವು. ಆಗ ಗೋಡೆ ಗಟ್ಟಿಯಾಗಿಯೇ ಇತ್ತು. ನೀರು ಮಾತ್ರ ಹಿಂದಿನ ಕೊಲ್ಲಿಯ ಕಡೆಯಿಂದ ಊರಿಗೆ ನುಗ್ಗಿತು. ನಮ್ಮಲ್ಲಿ ಕಡಲ್ಕೊರೆತ ಅಂದ ಕೂಡಲೇ ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರಲ್ಲ, ಅದನ್ನು ನೋಡುವಾಗೆಲ್ಲ ಈಗ ಕಾಳಿ ನದಿಯ ಅಳಿವೆಯ ಕಡೆ ಕಣ್ಣು ಹೋಗುತ್ತದೆ. ನಮಗೂ ಬೆನ್ನ ಹಿಂದೆ ನೀರಿದೆ.

ಐಕ್ ಬಂದುಹೋದ ಮೇಲೆ ಬಡವರಿಗೆ ಬಾಡಿಗೆಗೆ ಕೊಟ್ಟಿದ್ದ 569 ಸರ್ಕಾರಿ ಮನೆಗಳನ್ನು ಕೆಡವಿದರು. ತಿರುಗಿ ಕಟ್ಟಬೇಕೋ ಬೇಡವೋ ಎಂದು ಊರವರೇ ವರ್ಷಗಟ್ಟಲೆ ಜಗಳವಾಡಿದರು. 2000ದ ಜನಗಣತಿಯಲ್ಲಿ 57 ಸಾವಿರ ಇದ್ದ ಜನ 2010ಕ್ಕೆ 48 ಸಾವಿರಕ್ಕೂ ಕಡಿಮೆ. ಎಲ್ಲರೂ ಗಾಳಿಗೆ ಹೆದರಿ ಹೋದವರಲ್ಲ. ಹಲವರಿಗೆ ಮರಳಿ ಬರಲು ಸೂರೇ ಇರಲಿಲ್ಲ.

ಇದನ್ನು ನಿನಗೆ ಬರೆಯುವುದಕ್ಕೆ ಕಾರಣ ನಮ್ಮ ಬದಿಯ ಮನೆಯವರು. ನೆನಪಿದ್ದಾರಲ್ಲ, ನಿನಗೆ ಒಣ ಬಂಗಡೆ ಕಟ್ಟಿಕೊಡುತ್ತಿದ್ದ ಅಕ್ಕ? ತೌಕ್ತೆ ಗಾಳಿಗೆ ಒಂದು ಗಾಳಿಮರ ಮುರಿದು ಅವರ ಚಪ್ಪರದ ಮೇಲೆ ಬಿತ್ತು. ಬಲೆ, ಎಂಜಿನ್ ಎಲ್ಲ ಅದರಡಿ. ಚಪ್ಪರ ಇದ್ದ ಜಾಗಕ್ಕೆ ಕಾಗದವಿಲ್ಲ, ವಾಸದ ಮನೆ ಬಾಡಿಗೆಯದು. ಹಾನಿ ಬರೆದುಕೊಳ್ಳಲು ಬಂದವರು ‘ಮನೆ ಯಾರ ಹೆಸರಿನಲ್ಲಿದೆ’ ಎಂದು ಕೇಳಿ ಮುಂದಿನ ಮನೆಗೆ ಹೋದರು. ಜೂನ್ ಒಂದಕ್ಕೆ ಹೇಗೂ ಯಾಂತ್ರಿಕ ಮೀನುಗಾರಿಕೆ ಬಂದ್. ಎರಡು ತಿಂಗಳು ಅವರ ಹುಡುಗನಿಗೆ ಬೋಟಿನಲ್ಲಿ ಕೂಲಿಯೂ ಇಲ್ಲ. ಚೌತಿಗೆ ಮೊದಲೇ ಗೋವಾಕ್ಕೆ ಹೋದರು.

ಆ ಬಾಡಿಗೆ ಮನೆಯ ಯಜಮಾನರು ಹಂಚು ಹೊದಿಸಿ, ಸುಣ್ಣ ಬಳಿಸಿದರು. ನೋಡಿದವರು ಕೇರಿ ಮೊದಲಿನ ಹಾಗೇ ಆಯಿತು ಅನ್ನುತ್ತಾರೆ. ಆಗಲಿಲ್ಲ ಕಣೋ. ದಂಡೆಯಲ್ಲಿ ನಿಂತು ರಂಪಣಿ ಅನ್ನುವ ದೊಡ್ಡ ಬಲೆ ಎಳೆಯುವ ದಿನ ಗೊತ್ತಾಗುತ್ತದೆ. ಎರಡೂ ತುದಿಗೆ ಹತ್ತಾರು ಜನ ಬೇಕು. ಅವರ ಮನೆಯಿಂದಲೇ ನಾಲ್ವರು ಬರುತ್ತಿದ್ದರು. ಈಗ ದಂಡೆಯಲ್ಲಿ ಸುಮ್ಮನೆ ನಿಂತ ಪ್ರವಾಸಿಗರನ್ನು ಕರೆದು ಹಗ್ಗ ಕೊಡುತ್ತೇವೆ.

ಮುಂದಿನ ಸಲ ಆ ಊರಿಗೆ ಹೋದಾಗ, ಕೆಡವಿದ ಮನೆಗಳಿದ್ದ ಕಡೆಗೂ ಒಮ್ಮೆ ಹೋಗಿ ಬಾ. ಅಲ್ಲಿ ಹಳಬರು ಯಾರಾದರೂ ತಿರುಗಿ ಬಂದಿದ್ದರೆ ಮಾತಾಡಿಸು, ಹೇಗೆ ಬಂದರು ಕೇಳು. ಅಕ್ಕನ ಫೋನ್ ನಂಬರು ನನ್ನ ಹತ್ತಿರ ಇದೆ. ಅವಳಿಗೆ ಹೇಳಬೇಕು.

ನಿನ್ನ,
ಕಾರವಾರದ ಗೆಳೆಯ