ಗೆಳೆಯನಿಗೊಂದು ಪತ್ರ: ನಿನಗೂ ಒಂದು ತಟ್ಟೆ ಹಾಕಿಕೋ

ಪ್ರಿಯ ಗೆಳೆಯಾ,

ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾವ ಹೊತ್ತಿಗೆ ಏನು ತಿನ್ನಬೇಕು, ಯಾವ ಹೊತ್ತಿಗೆ ಎಷ್ಟು ವ್ಯಾಯಾಮ ಮಾಡಬೇಕು ಎಂದು ಒಂದು ವೇಳಾಪಟ್ಟಿ ಬರೆದುಕೊಡು, ಕಣ್ಣು ಮುಚ್ಚಿಕೊಂಡು ಅದರಂತೆ ನಡೆಯುತ್ತೇನೆ ಎಂದು ಕೇಳಿದ್ದೀಯೆ. ಬರೆದುಕೊಡುವುದಿಲ್ಲ. ಮಗುವಿಗೆ ಒಂದು ಜ್ವರ ಬಂದರೆ, ಕಚೇರಿಯ ಸಭೆ ಅರ್ಧ ಗಂಟೆ ಹೆಚ್ಚಿಗೆ ಎಳೆದರೆ ಆ ಪಟ್ಟಿ ಅಲ್ಲಿಗೆ ಮುಗಿಯಿತು. ಆಮೇಲೆ ಪಟ್ಟಿ ತಪ್ಪಿತಲ್ಲ ಎಂಬ ಕೊರಗು ಬೇರೆ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ನಡೆಯುವುದು ಗೋಡೆಯ ಗಡಿಯಾರ ಮಾತ್ರ.

ನೀನು ಬರೆದದ್ದನ್ನು ಓದುತ್ತಾ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಂಗತಿ. ನಿನ್ನ ದಿನದಲ್ಲಿ ಮಕ್ಕಳ ಊಟಕ್ಕೆ ಹೊತ್ತಿದೆ, ಆಟಕ್ಕೆ ಹೊತ್ತಿದೆ, ನಿದ್ದೆಗೆ ಹೊತ್ತಿದೆ. ನಿನ್ನದು ಮಾತ್ರ ಎಲ್ಲವೂ ಉಳಿದದ್ದರಲ್ಲಿ. ಉಳಿದ ಹೊತ್ತಿನಲ್ಲಿ ನಡಿಗೆ, ಪಾತ್ರೆಯಲ್ಲಿ ಉಳಿದದ್ದು ಊಟ, ರಾತ್ರಿ ಉಳಿದಷ್ಟು ನಿದ್ದೆ. ಹೀಗಿದ್ದರೆ ಏನು ತಾನೇ ಉಳಿದೀತು? ಮನೆಯ ತಲೆಯೆಣಿಕೆಯಲ್ಲಿ ನಿನ್ನದನ್ನೂ ಸೇರಿಸಿಕೋ ಎಂಬುದಷ್ಟೇ ನಾನು ಹೇಳಬೇಕೆಂದಿರುವುದು.

ಸಂಜೆಯಿಂದ ಶುರು ಮಾಡುತ್ತೇನೆ. ಕೆಲಸಕ್ಕೆ ಹೋಗಿಬರುವ ಅಪ್ಪ ಅಮ್ಮಂದಿರ ಊಟ ಹಳಿ ತಪ್ಪುವುದು ಬೆಳಿಗ್ಗೆಯಲ್ಲ, ಮನೆಗೆ ಬಂದ ಮೊದಲ ಒಂದು ಗಂಟೆಯಲ್ಲಿ. ಮಧ್ಯಾಹ್ನ ಒಂದಕ್ಕೆ ಉಂಡವನು ಸಂಜೆ ಏಳಕ್ಕೆ ಬಾಗಿಲು ತೆಗೆದು ಒಳಗೆ ಬರುತ್ತಾನೆ. ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಮಗಳಿಗೆ ಲೆಕ್ಕ ಹೇಳಿಕೊಡಬೇಕು, ಮಗನಿಗೆ ಹಸಿವು. ಚೀಲ ಇಳಿಸುವ ಮೊದಲೇ ಕೈ ಬಿಸ್ಕತ್ತಿನ ಡಬ್ಬಿಯೊಳಗಿರುತ್ತದೆ. ಆ ಗಳಿಗೆಯಲ್ಲಿ ಬುದ್ಧಿಮಾತು ಯಾರ ಕಿವಿಗೂ ಹೋಗುವುದಿಲ್ಲ, ನನ್ನ ಕಿವಿಗೂ ಹೋಗುವುದಿಲ್ಲ. ಹಾಗಾಗಿ ಅಷ್ಟು ಹಸಿದು ಮನೆ ಸೇರದಿರುವುದೇ ಸರಿಯಾದ ಉಪಾಯ. ಕಚೇರಿಯಿಂದ ಹೊರಡುವ ಮುನ್ನ ಹೊಟ್ಟೆಗೆ ಏನಾದರೂ ಗಟ್ಟಿಯಾದದ್ದು ಬೀಳಲಿ. ಒಂದು ಹಣ್ಣು ಮತ್ತು ಒಂದು ಹಿಡಿ ಬೀಜಗಳು, ಬೇಯಿಸಿದ ಮೊಟ್ಟೆ, ಬೆಂದ ಕಾಳು, ಯಾವುದಾದರೂ ಸರಿ. ಮಕ್ಕಳ ಮೇಲೆ ರೇಗುವುದೂ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ, ಇದನ್ನು ಯಾವ ಆಹಾರ ತಜ್ಞರೂ ಹೇಳುವುದಿಲ್ಲ.

"ನಾನು ತಿನ್ನುವುದೇ ಕಡಿಮೆ, ಆದರೂ ಹೊಟ್ಟೆ ಮುಂದೆ ಬರುತ್ತಿದೆ" ಎಂದು ಬರೆದಿದ್ದೀಯಲ್ಲ, ಮಗನ ಊಟ ಮುಗಿದ ಮೇಲೆ ಒಂದು ಸಲ ನಿನ್ನ ಕೈಯನ್ನು ನೀನೇ ಗಮನಿಸು. ಅವನು ಅರ್ಧ ತಿಂದು ತಟ್ಟೆ ತಳ್ಳಿ ಎದ್ದುಹೋಗಿರುತ್ತಾನೆ. ಅಂಚಿನಲ್ಲಿ ಮೂಲೆ ಕಚ್ಚಿಟ್ಟ ಒಂದು ತುಂಡು, ನಡುವೆ ಕಲಸಿ ಬಿಟ್ಟ ನಾಲ್ಕು ತುತ್ತು, ಹಸಿರು ಬಣ್ಣ ಕಂಡೊಡನೆ ಆರಿಸಿ ಪಕ್ಕಕ್ಕಿಟ್ಟ ತರಕಾರಿ. ಚೆಲ್ಲಲು ಮನಸ್ಸು ಬರುವುದಿಲ್ಲ. ತಟ್ಟೆಯನ್ನು ತೊಳೆಯಲು ಒಯ್ಯುವ ನಾಲ್ಕು ಹೆಜ್ಜೆಯಲ್ಲಿ ಅಷ್ಟೂ ನಿನ್ನ ಬಾಯಿಗೆ ಹೋಗಿರುತ್ತದೆ. ನಿಂತು ತಿಂದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ ನೋಡು! ಎಲ್ಲರೂ ಮಲಗಿದ ಮೇಲೆ ಮೊಬೈಲ್ ನೋಡುತ್ತಾ ಇನ್ನೊಂದು ಪೂರ್ತಿ ಊಟ ನಡೆಯುತ್ತದೆ.

ಮಗುವಿಗೆ ಮೊದಲು ಸ್ವಲ್ಪವೇ ಬಡಿಸು, ಬೇಕೆಂದರೆ ಮತ್ತೆ ಬಡಿಸಬಹುದು. ಮಕ್ಕಳು ಉಣ್ಣುವ ಹೊತ್ತಿಗೇ ನೀನೂ ನಿನ್ನ ತಟ್ಟೆ ಹಾಕಿಕೊಂಡು ಕುಳಿತುಕೋ. ಅಮೆರಿಕದ ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ ಮಕ್ಕಳ ಊಟದ ಬಗ್ಗೆ ಒಂದು ಹಂಚಿಕೆ ಮಾಡಿಕೊಟ್ಟಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ, ತಿನ್ನಬೇಕೇ, ತಿಂದರೆ ಎಷ್ಟು ಎಂಬುದು ಮಗುವಿನ ತೀರ್ಮಾನ. ಇದು ಮಕ್ಕಳಿಗಿಂತ ನಮಗೇ ಹೆಚ್ಚು ಬಿಡುಗಡೆ ಕೊಡುವ ಮಾತು. ಒಂದೊಂದು ತುತ್ತಿಗೂ ಕಥೆ ಹೇಳುತ್ತಾ, ಬೇಡಿಕೊಳ್ಳುತ್ತಾ ತಟ್ಟೆ ಹಿಡಿದು ಹಿಂದೆ ಓಡುವ ಮುಕ್ಕಾಲು ಗಂಟೆ ನಿನಗೆ ಉಳಿಯುತ್ತದೆ. ಹೊಸ ತರಕಾರಿಯನ್ನು ಮಗು ಇವತ್ತು ಬೇಡವೆಂದರೆ ಬೇಸರಿಸಬೇಡ. ಹತ್ತಾರು ಸಲ ಕಣ್ಣಿಗೆ ಬಿದ್ದ ಮೇಲೆ ತಾನಾಗಿ ಬಾಯಿಗೆ ಹಾಕಿಕೊಳ್ಳುವ ಮಕ್ಕಳೇ ಹೆಚ್ಚು. ನೀನು ಅದನ್ನೇ ಎದುರಿಗೆ ಕುಳಿತು ತಿನ್ನುತ್ತಿರುವುದು ಅವನಿಗೆ ಕಂಡರೆ ಸಾಕು.

ಅಡುಗೆ ಮಾಡಲು ಹೊತ್ತೆಲ್ಲಿದೆ, ಪೊಟ್ಟಣ ಒಡೆದು ಬಿಸಿ ಮಾಡಿದರೆ ಸಾಲದೇ ಎಂದು ಕೇಳುತ್ತೀಯೆ. ಅಪರೂಪಕ್ಕಾದರೆ ಆಗಲಿ. ದಿನವೂ ಬೇಡ ಎನ್ನುವುದಕ್ಕೆ ನನ್ನ ಬಳಿ ಒಂದು ಕಾರಣವಿದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 20 ಮಂದಿಯನ್ನು ನಾಲ್ಕು ವಾರ ಅಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಣೆಯಿಲ್ಲದ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಸಂಸ್ಕರಿತ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ತಿಂದರು, ಹೆಚ್ಚು ಬೇಗಬೇಗನೆಯೂ ತಿಂದರು. ಎರಡೇ ವಾರದಲ್ಲಿ ತೂಕ ಸುಮಾರು ಒಂದು ಕಿಲೊ ಏರಿತು. ಇನ್ನೊಂದು ಊಟದಲ್ಲಿ ಸುಮಾರು ಅಷ್ಟೇ ಇಳಿಯಿತು. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದು ನಿನ್ನನ್ನು ನೀನೇ ಬೈದುಕೊಳ್ಳುತ್ತೀಯಲ್ಲ, ಆ ಬೈಗುಳದ ಅರ್ಧ ಪಾಲು ಪೊಟ್ಟಣಕ್ಕೆ ಸಲ್ಲಬೇಕು.

ದಿನವೂ ಹೊಸದಾಗಿ ಅಡುಗೆ ಮಾಡು ಎಂದು ಹೇಳುವಷ್ಟು ಕಲ್ಲು ಮನಸ್ಸು ನನಗಿಲ್ಲ. ರಜೆಯ ದಿನ ಪೂರ್ತಿ ಅಡುಗೆ ಮಾಡಿ ವಾರಕ್ಕಾಗುವಷ್ಟು ಡಬ್ಬಿಗಳಲ್ಲಿ ತುಂಬಿಡುವವರನ್ನು ಕಂಡರೆ ನನಗೆ ಗೌರವವಿದೆ, ಆದರೆ ಮಕ್ಕಳಿರುವ ಮನೆಯಲ್ಲಿ ರಜೆ ಹೋಗುವುದೇ ಗೊತ್ತಾಗುವುದಿಲ್ಲ. ಬೇಯಿಸುವಾಗ ಎರಡು ಹೊತ್ತಿಗಾಗುವಷ್ಟು ಬೇಯಿಸು, ಅಷ್ಟು ಸಾಕು. ಬೆಂದ ಕಾಳು ಒಂದು ಡಬ್ಬಿ ಫ್ರಿಜ್ಜಿನಲ್ಲಿದ್ದರೆ ರಾತ್ರಿಯೂಟದ ಅರ್ಧ ಕೆಲಸ ಮುಗಿದಂತೆ. ಮಿಗಿಸಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸು. ಅದರಲ್ಲೂ ಅನ್ನ ಹೊರಗೇ ಉಳಿದರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಹೆಪ್ಪುಗಟ್ಟಿಸಿದ ತರಕಾರಿಯನ್ನು ಕಂಡು ಮೂಗು ಮುರಿಯಬೇಡ. ಕಿತ್ತ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸುವುದರಿಂದ ಅದರ ಸತ್ವ ಬಹುಪಾಲು ಹಾಗೆಯೇ ಇರುತ್ತದೆ. ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೂಗುವ ಗೋಜಿಗೆ ಹೋಗದೆ ಎರಡೂ ಹೊತ್ತು ತಟ್ಟೆಯ ಅರ್ಧ ಭಾಗವನ್ನು ಅದಕ್ಕೆ ಬಿಟ್ಟುಕೊಡು.

ಇನ್ನು ನಿನ್ನ ಚಹಾ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದು ನೀನೇ ಬರೆದಿದ್ದೀಯೆ. ಹತ್ತು ಚಮಚವಾಯಿತು, ಸುಮಾರು 40 ಗ್ರಾಂ. 2,000 ಕ್ಯಾಲೊರಿ ತಿನ್ನುವವರಿಗೆ ಆಹಾರಕ್ಕೆ ಬೆರೆಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ಅದೇ ಸಂಸ್ಥೆಯ ಮಾತು. ನೀನು ಇನ್ನೂ ಏನನ್ನೂ ತಿಂದೇ ಇಲ್ಲ! ಲೋಟದ ಸಂಖ್ಯೆ ಇಳಿಸಲು ಆಗದಿದ್ದರೆ ಸಕ್ಕರೆಯನ್ನು ಒಂದು ಚಮಚಕ್ಕೆ ತಾ. ಕೊನೆಯ ಲೋಟ ಮಾತ್ರ ಮಧ್ಯಾಹ್ನವೇ ಮುಗಿಯಲಿ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಹೆಚ್ಚಿನವರಿಗೆ ಸುಮಾರು ಐದು ಗಂಟೆ ಬೇಕು.

ವ್ಯಾಯಾಮದ ವಿಷಯಕ್ಕೆ ಬರುತ್ತೇನೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಅಂತಸ್ತಿನ ಬಸ್ಸು. ಚಾಲಕ ದಿನವಿಡೀ ಕುಳಿತೇ ಇರುತ್ತಾನೆ, ನಿರ್ವಾಹಕ ಟಿಕೆಟ್ ಕೊಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಹೃದಯದ ಕಾಯಿಲೆ ನಿರ್ವಾಹಕರಲ್ಲಿ ಚಾಲಕರಿಗಿಂತ ಸಾಕಷ್ಟು ಕಡಿಮೆ ಇತ್ತು. ಮಾರಿಸ್ ಅಲ್ಲಿಗೇ ಬಿಡಲಿಲ್ಲ. ಚಾಲಕರು ಮೊದಲೇ ದಪ್ಪಗಿದ್ದವರೋ ಏನೋ ಎಂಬ ಅನುಮಾನ ಬಂದು, ಅವರ ಸಮವಸ್ತ್ರಗಳ ಅಳತೆ ತೆಗೆಸಿ ನೋಡಿದರು. ಚಾಲಕರ ಪ್ಯಾಂಟಿನ ಸೊಂಟವೇ ದೊಡ್ಡದಾಗಿತ್ತು. ಅಂದರೆ ವ್ಯತ್ಯಾಸವೆಲ್ಲ ಮೆಟ್ಟಿಲಿನದೇ ಎನ್ನುವಂತಿಲ್ಲ ಎಂದು 1956ರಲ್ಲಿ ಅದನ್ನೂ ಪ್ರಕಟಿಸಿದರು. ತನ್ನ ಮಾತನ್ನೇ ಅನುಮಾನಿಸಿ ನೋಡುವ ಇಂಥವರನ್ನು ಕಂಡರೆ ನನಗೆ ಬಹಳ ಇಷ್ಟ. ಮುಂದೆ ಬಂದ ಎಷ್ಟೋ ಅಧ್ಯಯನಗಳು ಅವರ ಮೂಲ ಮಾತನ್ನೇ ಗಟ್ಟಿ ಮಾಡಿದವು. ಆ ನಿರ್ವಾಹಕರು ಯಾರೂ ಜಿಮ್ಮಿಗೆ ಹಣ ಕಟ್ಟಿದವರಲ್ಲ.

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮೊದಲು ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ನಿಯಮವಿತ್ತು. 2020ರಲ್ಲಿ ಅದನ್ನು ಕೈಬಿಟ್ಟರು. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ ಸೇರುತ್ತದೆ, ಮಗನ ಹಿಂದೆ ಮೈದಾನದಲ್ಲಿ ಓಡಿದ್ದೂ ಸೇರುತ್ತದೆ. ದಿನಕ್ಕೆ 10,000 ಹೆಜ್ಜೆ ಆಗಲಿಲ್ಲವೆಂದು ಕೊರಗಬೇಡ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ಯಾವುದೇ ಆಸ್ಪತ್ರೆಯಿಂದಲ್ಲ.

ಮಗಳನ್ನು ಈಜಿಗೆ ಬಿಟ್ಟು ಒಂದು ಗಂಟೆ ಕಾರಿನಲ್ಲಿ ಕುಳಿತು ಮೊಬೈಲ್ ತಿಕ್ಕುತ್ತೇನೆ ಎಂದು ಬರೆದಿದ್ದೀಯೆ. ಅದೇ ನಿನ್ನ ಹೊತ್ತು, ಬೇರೆಲ್ಲೂ ಹುಡುಕಬೇಡ. ಕಾರಿನಿಂದ ಇಳಿದು ಆ ಕಟ್ಟಡಕ್ಕೆ ಸುತ್ತು ಹಾಕು. ಇನ್ನು ಬಲದ ವ್ಯಾಯಾಮವನ್ನು ಎಲ್ಲರೂ ಮರೆಯುತ್ತಾರೆ, ನಲವತ್ತರ ಹೊಸ್ತಿಲಲ್ಲಿ ಮರೆಯಬಾರದ್ದು ಅದೇ. ಮೂವತ್ತು ದಾಟಿದ ಮೇಲೆ, ಬಳಸದೆ ಬಿಟ್ಟ ಸ್ನಾಯು ವರ್ಷ ವರ್ಷಕ್ಕೂ ಸದ್ದಿಲ್ಲದೆ ಕರಗುತ್ತದೆ. ಮಕ್ಕಳು ಹಲ್ಲುಜ್ಜುವ ಎರಡು ನಿಮಿಷ ನೀನು ಪಕ್ಕದಲ್ಲಿ ಕಾವಲು ನಿಂತೇ ಇರುತ್ತೀಯೆ. ಅಷ್ಟು ಹೊತ್ತು ಕುರ್ಚಿಗೆ ತಾಗುವಷ್ಟು ಕುಳಿತು, ಕೈ ಊರದೆ ಏಳು. ಮರುದಿನ ತೊಡೆ ಹಿಡಿದುಕೊಂಡರೆ ಹೆದರಬೇಡ. ಆಮೇಲೆ ಗೋಡೆಗೆ ಕೈಯೂರಿ ದಂಡ ತೆಗೆ. ಅದು ಸುಲಭವಾದ ಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ ಇಳಿಯಬಹುದು. ಮಗನಿಗೆ ಇದೆಲ್ಲ ಆಟವಾಗಿ ಕಾಣುತ್ತದೆ, ಬೆನ್ನ ಮೇಲೆ ಹತ್ತಿ ಕುಳಿತರೂ ಕುಳಿತ.

ಒಂದು ಮಾತು, ತಪ್ಪು ತಿಳಿಯಬೇಡ. ನೀನು ಬೆಳಿಗ್ಗೆ ಒಂದು ಗಂಟೆ ಹೊರಗೆ ಹೋದರೆ ಆ ಹೊತ್ತಿನಲ್ಲಿ ಮಕ್ಕಳ ಡಬ್ಬಿ, ನೀರಿನ ಬಾಟಲಿ, ಕಾಣೆಯಾದ ಕಾಲುಚೀಲ ಎಲ್ಲ ಯಾರ ಪಾಲಿಗೆ? ಅಪ್ಪನ ಜಿಮ್ಮಿನ ಗಂಟೆ ಅನೇಕ ಮನೆಗಳಲ್ಲಿ ಅಮ್ಮನ ಕೆಲಸದ ಗಂಟೆ. ಆಕೆಗೂ ಕಚೇರಿಯಿದೆ, ಬೆನ್ನುನೋವೂ ಇದೆ ಎಂದು ನೀನೇ ಬರೆದಿದ್ದೀಯೆ. ಇಬ್ಬರೂ ಕುಳಿತು ವಾರದ ಬೆಳಗುಗಳನ್ನು ಹಂಚಿಕೊಳ್ಳಿ, ಇವತ್ತು ನಿನ್ನದು, ನಾಳೆ ಆಕೆಯದು. ಮನೆಯ ತಲೆಯೆಣಿಕೆ ಎಂದೆನಲ್ಲ, ಅದರಲ್ಲಿ ಆಕೆಯ ತಲೆಯೂ ಇದೆ.

ಮಗು ರಾತ್ರಿಯಿಡೀ ಅತ್ತ ಮರುದಿನ ಇದ್ಯಾವುದನ್ನೂ ಮಾಡಬೇಡ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನು ಇಳಿದಿತ್ತು, ಹಸಿವು ಹುಟ್ಟಿಸುವ ಹಾರ್ಮೋನು ಏರಿತ್ತು. ಅವರ ನಾಲಿಗೆ ಹೆಚ್ಚಾಗಿ ಕೇಳಿದ್ದು ಸಿಹಿಯನ್ನು, ಉಪ್ಪು ಹಾಕಿದ ಕುರುಕಲನ್ನು. ಅಂಥ ದಿನ ಹೊಟ್ಟೆ ಹೇಳುವ ಮಾತನ್ನು ಅಷ್ಟಾಗಿ ನಂಬಬೇಡ. ಮಕ್ಕಳ ಜೊತೆಗೇ ಮಲಗಿಬಿಡು, ತೊಳೆಯದ ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ಅದಕ್ಕೆ ನನ್ನ ಪತ್ರ ಮದ್ದಲ್ಲ. ತಡಮಾಡದೆ ವೈದ್ಯರಿಗೆ ತೋರಿಸು. ರಕ್ತದೊತ್ತಡ, ಸಕ್ಕರೆ ಎರಡನ್ನೂ ಪರೀಕ್ಷಿಸಿಕೊಂಡು ಅವರು ಸರಿ ಎಂದ ಮೇಲೆಯೇ ಮೇಲೆ ಬರೆದದ್ದನ್ನೆಲ್ಲ ಶುರು ಮಾಡು.

ಅವರು ಒಪ್ಪಿದ ದಿನದಿಂದ ನನಗೆ ಪತ್ರ ಬರೆಯುವುದು ಬೇಡ. ಮಧ್ಯಾಹ್ನದ ಊಟವಾದ ಮೇಲೆ ಕಚೇರಿಯಿಂದ ಹೊರಗೆ ಬಂದು ಕರೆ ಮಾಡು, ನಾನೂ ಇಲ್ಲಿ ಹೊರಗೆ ಬಂದಿರುತ್ತೇನೆ, ಇಬ್ಬರೂ ನಡೆಯುತ್ತಾ ಮಾತನಾಡೋಣ. ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ಶ್ರಮಕ್ಕೆ ಅದೇ ಅಳತೆ. ನೀನು ಹಾಡಿ ಪರೀಕ್ಷಿಸಲು ಮಾತ್ರ ಹೋಗಬೇಡ, ಕಾಲೇಜಿನಲ್ಲಿ ಕೇಳಿದ್ದೇ ಸಾಕಾಗಿದೆ.

ಇಂತಿ,
ನಿನ್ನ ಗೆಳೆಯ