ಚಕ್ರ ನಿಂತರೂ ಹಸಿರು ದೀಪ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಗಾಜಿನ ಕಚೇರಿಗಳಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲರೂ ತೂಕಡಿಸುತ್ತಿದ್ದರೆ ಊಟವನ್ನಷ್ಟೇ ದೂರಬೇಡಿ, ತಾಜಾ ಗಾಳಿ ಒಳತರುವ ತಾರಸಿಯ ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್) ಯಂತ್ರವನ್ನೂ ನೋಡಿ. ಹೊರಹೋಗುವ ಗಾಳಿಯ ತಂಪನ್ನು ಒಳಬರುವ ತಾಜಾ ಗಾಳಿಗೆ ದಾಟಿಸುವುದು, ಬೇಡದ ತೇವವನ್ನು ಹೊರಕ್ಕೆ ಅಟ್ಟುವುದು ಅದರ ಕೆಲಸ.

ಕೆಲವು ಯಂತ್ರಗಳಲ್ಲಿ ಈ ಕೆಲಸವನ್ನು ತಿರುಗುವ ಚಕ್ರವೊಂದು ಮಾಡುತ್ತದೆ. ಅವುಗಳಲ್ಲಿ ಮೊದಲು ಕೈಕೊಡುವುದು ಚಕ್ರವನ್ನು ತಿರುಗಿಸುವ ಬೆಲ್ಟ್. ಚಕ್ರ ನಿಮಿಷಕ್ಕೆ ಸುಮಾರು 20 ಸುತ್ತು ತಿರುಗಬೇಕು. ಬೆಲ್ಟ್ ಜಾರಿ ಅದು ನಿಂತರೂ ಫ್ಯಾನ್‌ಗಳು ಓಡುತ್ತವೆ, ಪ್ಯಾನೆಲ್‌ನಲ್ಲಿ ಹಸಿರು ದೀಪವೂ ಉರಿಯುತ್ತದೆ. ಏದುಸಿರು ಬಿಡುವುದು ಎಸಿ ಮಾತ್ರ. ಹೊರಗೆ 34 ಡಿಗ್ರಿ, ಒಳಗಿಂದ ಮರಳುವ ಗಾಳಿ 24 ಇದ್ದಾಗ ಚಕ್ರ ದಾಟಿದ ತಾಜಾ ಗಾಳಿ 27ರ ಆಸುಪಾಸು ಇರಬೇಕು. 33 ತೋರಿಸಿದರೆ ಕರೆಂಟ್ ತೆಗೆದು, ಯಂತ್ರದ ಬಾಗಿಲು ಬಿಚ್ಚಿ ಬೆಲ್ಟ್ ನೋಡಿ.

ತಾಜಾ ಗಾಳಿಯ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡರೆ ತಾಜಾ ಗಾಳಿ ಕಡಿಮೆಯಾಗಿ, ಕಚೇರಿಯೊಳಗೆ ಒತ್ತಡ ಕುಸಿದು, ಬಾಗಿಲ ಸಂದಿಯಿಂದ ಬಿಸಿಗಾಳಿ ನುಗ್ಗುತ್ತದೆ. ಫಿಲ್ಟರ್ ಬದಲಿಸಲು ಕ್ಯಾಲೆಂಡರ್ ನಂಬಬೇಡಿ, ಅದರ ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆಯಿರಿ. ಚಕ್ರಕ್ಕೆ ನೀರಿನ ಜೆಟ್ ಹಿಡಿಯುವ ಉತ್ಸಾಹವಂತೂ ಬೇಡವೇ ಬೇಡ. ತೇವ ಹೀರುವ ಲೇಪನ ಹಾಳಾಗುತ್ತದೆ. ವ್ಯಾಕ್ಯೂಮ್ ಸಾಕು.

ಶೌಚಾಲಯದ ಗಾಳಿಯನ್ನು ಇದಕ್ಕೆ ಜೋಡಿಸಲೇಬಾರದು. ತಿರುಗುವ ಚಕ್ರ ಒಂದಿಷ್ಟನ್ನು ಮತ್ತೆ ಒಳಕ್ಕೆ ಹೊತ್ತು ತರುತ್ತದೆ.

ಇನ್ನು ಡಿಸೆಂಬರ್ ಬೆಳಿಗ್ಗೆ ಹೊರಗೆ 18, ಒಳಗೆ 25 ಡಿಗ್ರಿ ಇದ್ದು ಎಸಿ ಓಡುತ್ತಿದ್ದರೆ ಚಕ್ರ ತಿರುಗಿಸುವುದು ದಂಡ. ಪುಕ್ಕಟೆ ಸಿಕ್ಕ ತಂಪನ್ನು ನಾವೇ ಬಿಸಿ ಮಾಡಿ ಒಳಬಿಟ್ಟಂತೆ. ಚಕ್ರ ನಿಲ್ಲಿಸಿ, ಗಾಳಿ ಚಕ್ರ ದಾಟದೆ ಒಳಬರುವ ಬೈಪಾಸ್ ದಾರಿ ತೆರೆಯಿರಿ.

– ಕಟ್ಟಡ ನಿರ್ವಹಣಾ ಎಂಜಿನಿಯರ್‌ಗಳು, ಬೆಂಗಳೂರು